ಹಸಿರು ಮನಷ್ಯಾಗ ಓಡಲಿಕ್ಕೆ ಜಾಗಾ ಬಿಡ್ರಿ

ಹೋದ ತಿಂಗಳ ನಮ್ಮ ತಂಗಿ ಮೊಮ್ಮಗನ ಆರನೇ ಹುಟ್ಟುಹಬ್ಬ ಆತು. ಮನ್ಯಾಗ ಅಲ್ಲ, ಹುಬ್ಬಳ್ಳ್ಯಾಗ ಒಂದ ಮಾಲಿನ ಮ್ಯಾಲಿನ ಮಹಡ್ಯಾಗ ಇರೋ ಗೇಮ್ ಝೋನ್‌ದಾಗ. ನಿಮ್ಮೊಳಗ ಅರ್ಧಾ ಮಂದಿ ಅಲ್ಲೇ ಇದ್ರಿ, ಹಿಂಗಾಗಿ ನಾ ಏನ ಮಾಡಿದೆ ಅನ್ನೋದು ನಿಮಗ ಗೊತ್ತದ. ಕೇಕ್ ಕತ್ತರಿಸೋ ಹೊತ್ತಿನಾಗ "ಇಲ್ಲೆ ಎರಡನೇ ಬಾಗಲಾ ಎಲ್ಲದ?" ಅಂತ ಕೇಳಿದೆ. ಅಲ್ಲಿದ್ದ ಮ್ಯಾನೇಜರ್ ಹುಡುಗ ನಕ್ಕ. ನೀವೂ ನಕ್ಕಿರಿ. ಆಮ್ಯಾಲೆ ನಾ ಹುಡುಕಿಕೊಂಡ ಹೋಗಿ, ಆ ಬಾಗಲದ ಮುಂದ ಒಟ್ಟಿದ್ದ ಪ್ಲಾಸ್ಟಿಕ್ ಕುರ್ಚಿ, ಕೂಲ್‌ಡ್ರಿಂಕ್ಸಿನ ಕ್ರೇಟು ಸರಸ್ರಿ ಅಂತ ಹಟಾ ಹಿಡದೆ. ಆಗ ಯಾರೂ ನಗಲಿಲ್ಲ. ತಂಗಿಗೆ ಸಿಟ್ಟ ಬಂತು. ಸೊಸಿ ಮಾರಿ ಸಣ್ಣದಾತು. "ಶುಭಕಾರ್ಯದಾಗ ಇಂಥಾ ಅಪಶಕುನದ ಮಾತ ಯಾಕ ಅಕ್ಕಾ" ಅಂದ್ಲು ತಂಗಿ. ಹಿಂದಿಂದ ಯಾರೋ "ಅವರು ಹಳೇ ಕಾಲದವರು, ಇಂಥಾ ಜಾಗಾ ಅವರಿಗೆ ಸೇರೂದಿಲ್ಲ" ಅಂದದ್ದೂ ಕಿವಿಗೆ ಬಿತ್ತು.

ಅವತ್ತ ಅಷ್ಟ ಗದ್ದಲದಾಗ, ಅಷ್ಟ ಮಷೀನು ಕಿರಚೋದರಾಗ, ಹೇಳಲಿಕ್ಕೆ ಆಗಲಿಲ್ಲ. ಇಲ್ಲೆ ಬರೀತೇನಿ. ಮೊದಲನೇ ಮಾತು: ಇಂಥಾ ಜಾಗಾ ನನಗ ಸೇರೂದಿಲ್ಲ ಅನ್ನೋದು ಖರೆ ಅಲ್ಲ. ಅಗದಿ ಸೇರ್ತಾವ. ಈ ವಿಡಿಯೋ ಗೇಮಿನ ಪಾರ್ಕು ಎಲ್ಲೆ ಹುಟ್ಟಿ ಬೆಳದಾವೋ ಅಲ್ಲೇ ಹೋಗಿ ನೋಡಿ, ಆಡಿ ಬಂದಾಕಿ ನಾನು. ಬಾಗಲಾ ಹುಡುಕೋದನ್ನ ಕಲತದ್ದೂ ಅಲ್ಲೇ, ಅದೂ ಎಂಟು ವರ್ಷದ ಹುಡುಗನ ಕಡಿಂದ.

ನಿಮಗ ಗೊತ್ತದಲ್ಲಾ, ಮಗಳು ಅಳಿಯ ಟೋಕಿಯೋದಾಗ ಇರ್ತಾರ. ನಿಶಿ ಕಸಾಯಿ ಅಂತ ಒಂದ ಭಾಗ, ಅಲ್ಲೆ ನಮ್ಮ ದೇಶದವರು ಭಾಳ ಮಂದಿ ಇದ್ದಾರ. ನಾವು ಹೋದದ್ದು ಜೂನ್ ತಿಂಗಳದಾಗ. ಅದು ಅಲ್ಲಿ ಮಳೆಗಾಲ, ನಮ್ಮ ಆಷಾಢದ ಜಿಟಿಜಿಟಿ ಮಳಿ ಇದ್ದಂಗನ. ಮೂರು ದಿನಾ ಹೊರಗ ಕಾಲಿಡಲಿಕ್ಕೆ ಆಗಲಿಲ್ಲ. ಮೊಮ್ಮಗ ಸಣ್ಣ ಗೇಮ್ ಡಬ್ಬಿ ಹಿಡಕೊಂಡ ಮೂಲ್ಯಾಗ ಕೂತಂವ ಏಳವಲ್ಲ. ಕರದ್ರ "ಹೂಂ" ಅಂತಾನ, ಕಣ್ಣ ಮಾತ್ರ ಎತ್ತೂದಿಲ್ಲ. ನನ್ನ ಮಗಳಿಗೂ ಅವಗೂ ದಿನಾ ಒಂದ ಜಗಳ. ನಾಲ್ಕನೇ ದಿನಾ ಅಳಿಯ, "ನಡೀರಿ, ಗೇಮ್ ಆಡೋದಿದ್ರ ಕೈಕಾಲ ಆಡಿಸಿನರ ಆಡಲಿ" ಅಂತ ಓದಾಯಿಬಾ ಅನ್ನೋ ಕಡೆ ಕರಕೊಂಡ ಹೋದ. ಅಲ್ಲೆ ಸಮುದ್ರದ ದಂಡಿಗೆ ಒಂದ ದೊಡ್ಡ ಮಾಲಿನಾಗ ಜಾಯ್‌ಪೊಲಿಸ್ ಅಂತ ಅದ.

ಜಾಯ್‌ಪೊಲಿಸ್ ಅಂದ್ರ ಸೆಗಾ ಅನ್ನೋ ಗೇಮ್ ಕಂಪನಿ ಕಟ್ಟಿಸಿದ ಜಾಗಾ. ಸೋನಿಕ್ ಅಂತ ನೀಲಿ ಬಣ್ಣದ ಮುಳ್ಳಹಂದಿ ಒಂದ ಓಡ್ತಿರ್ತದಲ್ಲಾ, ಆ ಕಂಪನಿ. ಮೊದಲನೇ ಜಾಯ್‌ಪೊಲಿಸ್ ಯೊಕೊಹಾಮಾ ಊರಾಗ 1994ರಾಗ ಆತಂತ, ನಾವು ಹೋದ ಟೋಕಿಯೋದ್ದು 1996ರಾಗ. ಅಂದ್ರ ನನ್ನ ಮಗಳು ಚಡ್ಡಿ ಹಾಕ್ಕೊಂಡ ಅಂಗಳದಾಗ ಆಡ್ತಿದ್ದ ಕಾಲದಾಗ ಅವರು ಸೂರಿನ ಕೆಳಗ ಮೂರು ಮಹಡಿ ಜಾತ್ರಿ ಕಟ್ಟಿ ಬಿಟ್ಟಿದ್ರು. ಮಳಿ ಇಲ್ಲ, ಬಿಸಲಿಲ್ಲ, ಹಗಲು ರಾತ್ರಿ ಒಂದ. ದಿನದ ಟಿಕೀಟಿಗೆ ಅಲ್ಲೆ ಪಾಸ್‌ಪೋರ್ಟ್ ಅಂತಾರ. ನಮ್ಮ ಯಜಮಾನ್ರು ಗಾಬರ್ಯಾಗಿ ಕಿಸೆದಾಗಿನ ಖರೆ ಪಾಸ್‌ಪೋರ್ಟ್ ತಗದ್ರು, ಕೌಂಟರಿನ ಹುಡುಗಿ ಬಾಯಿ ಮುಚಿಗೊಂಡ ನಕ್ಕಳು.

ಅಲ್ಲೆ ಒಂದ ಆಟದಾಗ ಇಬ್ಬರು ಒಂದ ಹಲಗಿ ಮ್ಯಾಲೆ ನಿಂದರ್ತಾರ. ಹಲಗಿ ತೊಟ್ಟಲದಂಗ ಈ ಕಡೆಯಿಂದ ಆ ಕಡೆ ಮ್ಯಾಲೇರ್ತದ, ತನ್ನಷ್ಟಕ್ಕ ತಾ ತಿರಗ್ತದ. ಮ್ಯಾಲೆ ಹೋದ ಸರಿಯಾದ ಗಳಿಗ್ಯಾಗ ಕಾಲಿಂದ ಒತ್ತಿದ್ರ ಅಂಕಾ ಬೀಳ್ತಾವ. ಅಪ್ಪಾ ಮಗಾ ಇಬ್ಬರೂ ನಿಂತ್ರು. ಮೂರು ದಿನದಿಂದ ಕಣ್ಣ ಎತ್ತದ ಹುಡುಗ ಅಪ್ಪನ ಮಾರಿ ನೋಡಿ "ಈಗ! ಈಗ!" ಅಂತ ಒದರಲಿಕ್ಕೆ ಹತ್ತಿದ. ಇಳದ ಬಂದಾಗ ಇಬ್ಬರಿಗೂ ಬೆವರ ಬಂದಿತ್ತು. ನನ್ನ ಮಗಳು ನನ್ನ ಕೈ ಹಿಡಕೊಂಡ "ಅವ್ವಾ, ಇವರಿಬ್ಬರು ಹಿಂಗ ನಕ್ಕದ್ದ ನೋಡಿ ಎಷ್ಟ ದಿನಾ ಆಗಿತ್ತ" ಅಂದ್ಲು. ಟಿಕೀಟಿನ ರೊಕ್ಕ ಅಲ್ಲಿಗೇ ವಸೂಲಾತು ಅಂದೆ ನಾನು.

ಅದಕ್ಕೂ ಮೊದಲ ಒಂದ ಮಾತ ಆಗಿತ್ತು. ಒಳಗ ಕಾಲಿಟ್ಟ ಕೂಡ್ಲೆ ಮೊಮ್ಮಗ ನನ್ನ ಸೆರಗ ಜಗ್ಗಿ, ಛಾವಣಿ ಕಡೆ ತೋರಿಸಿದ. ಹಸಿರು ದೀಪದಾಗ ಒಬ್ಬ ಮನಷ್ಯಾ ಬಾಗಲದೊಳಗ ಓಡ್ತಿರೋ ಚಿತ್ರ. "ಅಜ್ಜಿ, ಮೊದಲ ಅದನ್ನ ನೋಡಿಟಗೋ. ಏನರ ಆದ್ರ ಅವನ ಹಿಂದ ಹೋಗಬೇಕು" ಅಂದ. ಅಂವಾ ಗಂಭೀರಾಗೇ ಹೇಳಿದ, ನಾಟಕ ಮಾಡಲಿಲ್ಲ. ಅಲ್ಲಿಯ ಸಾಲ್ಯಾಗ ಭೂಕಂಪ ಆದ್ರ ಏನ ಮಾಡಬೇಕು, ಬೆಂಕಿ ಬಿದ್ರ ಏನ ಮಾಡಬೇಕು ಅಂತ ಸಣ್ಣ ಹುಡುಗ್ರಿಗೆ ಮ್ಯಾಲಿಂದ ಮ್ಯಾಲೆ ಓಡಿಸಿ, ಕೂಡಿಸಿ ರೂಢಿ ಮಾಡಸ್ತಾರ. ನಾವು ದೇವಸ್ಥಾನಕ್ಕ ಹೋದ್ರ ಚಪ್ಪಲ್ ಎಲ್ಲೆ ಬಿಟ್ಟೇವಿ ಅಂತ ನೆನಪಿಡತೇವಲ್ಲಾ, ಹಂಗ ಆ ಹುಡುಗ ಬಾಗಲಾ ನೆನಪಿಡತಾನ.

ಅದರ ಕತಿ ಆಮ್ಯಾಲೆ ಅಳಿಯ ಹೇಳಿದ. 1972ರ ಮೇ 13ಕ್ಕ ಒಸಾಕಾ ಊರಾಗ ಸೆನ್ನಿಚಿ ಅನ್ನೋ ಒಂದ ದೊಡ್ಡ ಅಂಗಡಿ ಕಟ್ಟಡಕ್ಕ ಬೆಂಕಿ ಬಿತ್ತು. ಬೆಂಕಿ ಹತ್ತಿದ್ದು ಕೆಳಗಿನ ಮಹಡ್ಯಾಗ, ಸತ್ತವರು ಏಳನೇ ಮಹಡ್ಯಾಗ ಹಾಡು ಕುಣಿತಾ ನೋಡಲಿಕ್ಕೆ ಕೂತವರು. ಹೆಚ್ಚಿನವರನ್ನ ಹೊಗಿನ ಕೊಂದಿತು. 118 ಮಂದಿ. ಮರು ವರ್ಷ ಇನ್ನೊಂದ ಊರಾಗ ಇಂಥಾದ್ದ ಇನ್ನೊಂದಾತು. ಅಂಥಾ ಹೊತ್ತಿನಾಗ ನಿಂತು ಓದಲಿಕ್ಕೆ ಆಗೂದಿಲ್ಲ, ನೋಡಿದ ಕೂಡ್ಲೆ ತಿಳೀಬೇಕು ಅಂತ ಜಪಾನದವರು ಈ ಓಡೋ ಮನಷ್ಯಾನ ಚಿತ್ರ ಮಾಡಿದ್ರು. 1980ರ ದಶಕದಾಗ ಅದು ಅವರ ದೇಶದ ಗುರ್ತಾತು, ಆಮ್ಯಾಲೆ ಜಗತ್ತಿಗೇ ಆತು. ನಮ್ಮ ಹುಬ್ಬಳ್ಳಿ ಮಾಲಿನಾಗ ಕುರ್ಚಿ ಒಟ್ಟಿದ್ದ ಬಾಗಲದ ಮ್ಯಾಲೆ ಹಸಿರಾಗಿ ಹೊಳೀತಿದ್ದದ್ದು ಅವನ. 118 ಮಂದಿ ಸತ್ತ ಊರಿಂದ ಬಂದ ಮನಷ್ಯಾನ ಕಾಲಬುಡಕ ನಾವು ಕ್ರೇಟ್ ಇಟ್ಟೇವಿ. ಅವತ್ತ ನನಗ ಹೊಟ್ಟ್ಯಾಗ ಕಲಮಲ ಆದದ್ದು ಅದಕ್ಕ.

ಆಮ್ಯಾಲೆ ಒಸಾಕಾಕ್ಕೂ ಹೋದ್ವಿ. ಅಲ್ಲೆ ಯುನಿವರ್ಸಲ್ ಸ್ಟುಡಿಯೋದೊಳಗ ಸೂಪರ್ ನಿಂಟೆಂಡೋ ವರ್ಲ್ಡ್ ಅಂತ 2021ರ ಮಾರ್ಚ್ ತಿಂಗಳಾಗ ಶುರು ಮಾಡ್ಯಾರ. ಮಾರಿಯೋ ಅಂತ ಮೀಸಿ, ಕೆಂಪು ಟೊಪ್ಪಿಗಿ ಇರೋ ಪ್ಲಂಬರ್ ಒಬ್ಬ ಇದ್ದಾನಲ್ಲಾ, ನಮ್ಮ ಮಕ್ಕಳು ಟಿವಿಗೆ ಡಬ್ಬಿ ಜೋಡಿಸಿ ಆಡ್ತಿದ್ರು, ಅವನ ಊರು. ಹಸಿರು ಪೈಪಿನೊಳಗ ಹಾಯ್ದ ಹೋಗಬೇಕು, ಆ ಕಡೆ ಹೊರಬಿದ್ರ ಆಟದ ಊರಿಗೂರ ಎದ್ದ ನಿಂತದ. ಮ್ಯಾಲೆ ಆಕಾಶ ಕಾಣಸ್ತದ ಖರೆ, ಆದ್ರ ಮುಖ್ಯ ಆಟ ಕೋಟೆ ಒಳಗ, ಸೂರಿನ ಕೆಳಗ. ಅಲ್ಲೆ ಕಣ್ಣಿಗೆ ಒಂದ ಚಾಳೀಸು ಹಾಕಿ ಗಾಡ್ಯಾಗ ಕೂಡಸ್ತಾರ. ನಿಜವಾದ ಗ್ವಾಡಿ, ಗೊಂಬಿ ಕಾಣಸ್ತಾವ, ಅದರ ಮ್ಯಾಲೆ ಇಲ್ಲದ್ದೂ ಕಾಣಸ್ತದ. ನಮ್ಮ ಯಜಮಾನ್ರು ಮೂಡಿಗೊಮ್ಮೆ "ಅಯ್ಯಯ್ಯ" ಅಂತ ತಲಿ ತಗ್ಗಿಸಿದ್ರು.

ನನಗ ಸೇರಿದ್ದು ಆ ಗಾಡಿ ಅಲ್ಲ. ಒಂದ ಕಡೆ ದೊಡ್ಡ ಗಿಡಾ ಒಂದ ಮಲಗಿರ್ತದ, ಬಾಯಾಗ ಹಲ್ಲಿದ್ದ ಗಿಡಾ. ಸುತ್ತಲೂ ಗಡಿಯಾರ ಬಾರಸ್ತಾವ. ಬಾರಿಸಿದ ಗಡಿಯಾರಕ್ಕ ಓಡಿ ಹೋಗಿ ಕೈಲೆ ಹೊಡದ ಸುಮ್ಮ ಮಾಡಬೇಕು, ಗಿಡಾ ಏಳಬಾರದು. ಒಬ್ಬರಿಂದ ಆಗೂದಿಲ್ಲ. ಅಲ್ಲೆ ಗುರ್ತಿಲ್ಲದ ಜಪಾನಿ ಹೆಣ್ಮಗಳು, ಆಕಿ ಮಗಳು, ಮತ್ತ ನಾನು. ಭಾಷಾ ಬರೂದಿಲ್ಲ. ಆಕಿ ಕೈ ತೋರಿಸ್ತಾಳ, ನಾ ಸೀರಿ ನಿರಗಿ ಎತ್ತಿ ಓಡ್ತೇನಿ. ಮಲಗಿದ ಕೂಸು ಏಳಬಾರದು ಅಂತ ಕುಕ್ಕರ್ ಸೀಟಿ ಬಂದ ಕೂಡ್ಲೆ ಓಡತೇವಲ್ಲಾ, ಅದನ್ನ ನಾವು ಇಬ್ಬರೂ ಜನ್ಮಪೂರ್ತಿ ಮಾಡಿದವರು. ಗೆದ್ವಿ! ಆಕಿ ನನಗ ನಡಾ ಬಾಗಿಸಿ ನಮಸ್ಕಾರ ಮಾಡಿದ್ಲು, ನಾ ಕೈ ಮುಗದೆ. ಐವತ್ತು ದಾಟಿದ ಮ್ಯಾಲೆ ಗುರ್ತಿಲ್ಲದವರ ಜೋಡಿ ಹಿಂಗ ಆಡಿದ್ದು ನನಗ ಅದ ಮೊದಲು.

ಪುಗಸಟ್ಟೆ ಅಲ್ಲ ಮತ್ತ. ಒಳಗ ಹೋಗಲಿಕ್ಕೆ ಟಿಕೀಟು ಬ್ಯಾರೆ, ಕೈಗೆ ಕಟ್ಟಿಗೊಳ್ಳೋ ಪಟ್ಟಿ ಬ್ಯಾರೆ. ಆ ಪಟ್ಟಿ ಇಲ್ಲದಿದ್ರ ಮೂರು ಕೀಲಿಕೈ ಗೆದ್ದು ಕಡೀ ಆಟಾ ಆಡಲಿಕ್ಕೆ ಆಗೂದಿಲ್ಲ. ಅದೂ ಸಾವಿರಗಟ್ಲೆ ಯೆನ್. ಪ್ರೀತಿಗೆ ಕಟ್ಟಿದ್ದಲ್ಲ, ವ್ಯಾಪಾರಕ್ಕ ಕಟ್ಟಿದ್ದು. ಆದ್ರ ವ್ಯಾಪಾರದಾಗೂ ಒಂದ ನೀತಿ ಇತ್ತು: ಹುಡುಗನ ಮೈ ಆಡತು, ಮಂದಿ ಮಂದಿ ಜೋಡಿ ಆಡಿದ್ರು, ದಾರಿ ಮೋಕಳೆ ಇತ್ತು.

ನಿಂಟೆಂಡೋ ಕಂಪನಿ ಬಗ್ಗೆ ಒಂದ ಸಂಗತಿ ನನಗ ಭಾಳ ಸೇರಿತು. ಅದು ಶುರು ಆದದ್ದು 1889ರಾಗ, ಕ್ಯೋಟೋ ಊರಾಗ, ಕೈಲೆ ಇಸ್ಪೀಟಿನ ಎಲಿ ಮಾಡೋ ಅಂಗಡಿ ಆಗಿ. ಹೂವಿನ ಚಿತ್ರದ ಎಲಿ. ಮಾರಿಯೋನ್ನ ಹುಟ್ಟಿಸಿದಂವ ಶಿಗೆರು ಮಿಯಾಮೊಟೊ. ಕ್ಯೋಟೋ ಹತ್ರ ಸೊನೊಬೆ ಅನ್ನೋ ಸಣ್ಣ ಊರಾಗ ಬೆಳದಂವ. ಸಣ್ಣಂವ ಇದ್ದಾಗ ಹೊಲಾ, ಗುಡ್ಡಾ ತಿರುಗಿ, ಒಂದ ಗವಿ ಕಂಡು, ದೀಪಾ ಹಿಡಕೊಂಡ ಒಳಗ ಹೋಗಿದ್ದನಂತ. ಆ ಅನುಭವದಿಂದನ ಮುಂದ ಝೆಲ್ಡಾ ಅನ್ನೋ ಗೇಮು ಹೊಳೀತು ಅಂತ ತಾನ ಹೇಳ್ಯಾನ.

ಈಗ ಸ್ವಲ್ಪ ವಿಚಾರ ಮಾಡ್ರಿ. ಒಬ್ಬ ಹುಡುಗ ಹೊರಗ ಪುಗಸಟ್ಟೆ ತಿರಗಿದ. ದೊಡ್ಡಂವ ಆಗಿ ಆ ತಿರಗೋ ಸುಖಾನ ಪರದೆದಾಗ ಇಟ್ಟ. ನಮ್ಮ ಹುಡುಗ್ರು ಆ ಪರದೆ ಮುಂದ ಕೂತ್ರು, ಹೊರಗ ಹೋಗೋದ ಬಿಟ್ರು. ಈಗ ಆ ಪರದೆದಾಗಿಂದನ್ನ ಮತ್ತ ಸಿಮೆಂಟಿನಾಗ, ಕಬ್ಬಿಣದಾಗ ಕಟ್ಟಿ, ಓಡ್ರಿ, ಜಿಗೀರಿ ಅಂತ ಟಿಕೀಟ್ ಇಟ್ಟಾರ. ಗವಿಯಿಂದ ಹೊಂಟು ಗವಿಗೇ ಬಂದೇವಿ, ನಡುವ ರೊಕ್ಕಾ ಕೊಟ್ಟೇವಿ ಅಷ್ಟ.

ಇಷ್ಟ ಹೇಳಿ "ಹುಡುಗ್ರನ್ನ ಮಣ್ಣಾಗ ಆಡಸ್ರಿ" ಅಂತ ಬುದ್ಧಿ ಹೇಳಿ ಮುಗಸಬಹುದು. ನಮ್ಮ ವಯಸ್ಸಿನವರು ಎಲ್ಲಾರೂ ಹಂಗ ಮಾಡ್ತಾರ. ನಾ ಹೇಳೂದಿಲ್ಲ. ಮಣ್ಣು ಎಲ್ಲದ? ನಾವು ಆಡಿದ ಅಂಗಳದಾಗ ಈಗ ನಾಲ್ಕು ಮಹಡಿ ಅಪಾರ್ಟಮೆಂಟ್ ನಿಂತದ, ಕೆಳಗ ಕಾರು ನಿಲ್ಲಸ್ತಾರ. ಚೆಂಡ ಕಾರಿಗೆ ಬಡದ್ರ ವಾಚಮನ್ ಕಂಪ್ಲೇಂಟ್ ತರ್ತಾನ. ಏಪ್ರಿಲ್ ಮೇ ಧಗಿಯಾಗ ಮಧ್ಯಾಹ್ನ ಹೊರಗ ಬಿಡಲಿಕ್ಕೆ ಆಗೂದಿಲ್ಲ. ಇನ್ನೊಂದ ಮಾತ, ಇದನ್ನ ಗಂಡಸ್ರು ಲೆಕ್ಕಕ್ಕ ತಗೊಳ್ಳೂದಿಲ್ಲ: ನಾವು ಅಂಗಳದಾಗ ಆಡ್ತಿದ್ದಾಗ ಕಟ್ಟಿ ಮ್ಯಾಲೆ ನಮ್ಮಜ್ಜಿ ಬತ್ತಿ ಹೊಸಕೋತ ಕೂತಿರ್ತಿದ್ಲು, ಆಜೂಬಾಜೂ ನಾಲ್ಕು ಮಂದಿ ವೈನಿಗೋಳು ಇರ್ತಿದ್ರು. ಈಗಿನ ಸೊಸಿಗೆ ಯಾರಿದ್ದಾರ? ಗೇಮ್ ಝೋನ್‌ದಾಗ ಹುಡುಗನ್ನ ಬಿಟ್ಟು ಆಕಿ ಒಂದ ತಾಸ ಕೂತು ಬಿಸಿ ಚಹಾ ಬಿಸಿ ಇರೋವಾಗಲೇ ಕುಡೀತಾಳ. ಆ ಒಂದ ತಾಸಿಗೆ ಆಕಿ ರೊಕ್ಕಾ ಕೊಡತಾಳ ಅಂದ್ರ ನಾ ಆಕಿಗೆ ಹೆಸರಿಡೂದಿಲ್ಲ. ಹಿಂಗಾಗಿ ಹೋಗಬ್ಯಾಡ್ರಿ ಅನ್ನೋದು ನನ್ನ ಮಾತಲ್ಲ. ಹೋಗ್ರಿ, ಆದ್ರ ಕಣ್ಣ ತಗದ ಹೋಗ್ರಿ.

ಮೊದಲ ರೊಕ್ಕದ ಮಾತ. ನಾವು ಜಾತ್ರಿಗೆ ಹೋದಾಗ ಅಪ್ಪ ಕೈಯಾಗ ಚಿಲ್ಲರ ಇಡತಿದ್ರು. ತೊಟ್ಟಲಕ್ಕ ಇಷ್ಟ, ಮಿಠಾಯಿಗೆ ಇಷ್ಟ. ಮುಷ್ಟಿ ಖಾಲಿ ಆತಂದ್ರ ಜಾತ್ರಿ ಮುಗೀತು. ಹುಡುಗ್ರಿಗೆ ರೊಕ್ಕಾ ಖರ್ಚಾಗೋದು ಕೈಗೆ ತಿಳೀತಿತ್ತು. ಈಗ ಒಂದ ಕಾರ್ಡ್ ಕೊಡತಾರ. ಅದರಾಗ ರೂಪಾಯಿ ಹಾಕಿದ್ರ ಪಾಯಿಂಟ್ ಆಗ್ತಾವ, ಮಷೀನಿಗೆ ತಿಕ್ಕಿದ್ರ ಪಾಯಿಂಟ್ ಹೋಗ್ತಾವ. ಯಾವ ಆಟಕ್ಕ ಎಷ್ಟ ರೂಪಾಯಿ ಅಂತ ದೊಡ್ಡವರಿಗೇ ಲೆಕ್ಕಾ ಹತ್ತೂದಿಲ್ಲ. ಅವತ್ತ ನಾ ನಾಲ್ಕು ಹುಡುಗ್ರಿಗೆ ಕಾರ್ಡ್ ತುಂಬಿಸಿದ್ದೆ. ಕಡೀಕ್ಕ ಉಳದ ಪಾಯಿಂಟ್ ಯಾವ ಆಟಕ್ಕೂ ಸಾಲವಲ್ವು, ವಾಪಸ್ ಕೊಡೂದಿಲ್ಲ ಅಂದ್ರು. ಆಡಬೇಕಂದ್ರ ಮತ್ತ ತುಂಬಸ್ರಿ. ಉಳದದ್ದು ಇಷ್ಟ ಅಂತ ಮುದ್ದಾಂ ಇಟ್ಟಂಗ ಇತ್ತು.

ಅದಕ್ಕಿಂತ ನನಗ ಕೆಟ್ಟ ಅನಿಸಿದ್ದು ಆ ಚೀಟಿ ಆಟ. ಮಷೀನ್ ಚಕ್ರಾ ತಿರಗ್ತದ, ನಶೀಬ ಇದ್ರ ಚೀಟಿ ಬೀಳ್ತಾವ, ಚೀಟಿ ಕೂಡಿಸಿ ಸಾಮಾನ ತಗೋಬೇಕು. ನಮ್ಮ ಹುಡುಗ್ರು ಎರಡು ತಾಸ ಆಡಿ ಕೂಡಿಸಿದ ಚೀಟಿಗೆ ಒಂದ ರಬ್ಬರು, ಒಂದ ಪ್ಲಾಸ್ಟಿಕ್ ಉಂಗುರ ಬಂತು. ಓಡಲಿಲ್ಲ, ಜಿಗೀಲಿಲ್ಲ, ಯಾರ ಮಾರೀನೂ ನೋಡಲಿಲ್ಲ. ನಿಂತಲ್ಲೇ ನಿಂತು "ಇನ್ನೊಮ್ಮೆ, ಇನ್ನೊಮ್ಮೆ" ಅಂದ್ರು. ಗಂಡಸ್ರು ಮಟಕಾ ಆಡಿದ್ರ ನಾವು ಮನಿ ಹಾಳಾತು ಅಂತೇವಿ. ಆರು ವರ್ಷದ ಹುಡುಗಗ ಅದ ರುಚಿ ನಾವ ರೊಕ್ಕಾ ಕೊಟ್ಟು ಹಚ್ಚೋದು ಯಾಕ? ಒಸಾಕಾದಾಗ ಗಿಡಾ ಮಲಗಿಸಿದ್ದು ಆಟ. ಇದು ಆಟ ಅಲ್ಲ, ಜೂಜಿನ ಅಂಗನವಾಡಿ.

ಈ ಮಾತಿಗೆ ಇನ್ನೊಂದ ಪುರಾವೆ ಕೊಡತೇನಿ. ಸೆಗಾ ಕಂಪನಿ ಜಪಾನದಾಗಷ್ಟ ಅಲ್ಲ, ಹೊರಗೂ ದೊಡ್ಡ ದೊಡ್ಡ ಪಾರ್ಕ್ ಮಾಡಿತ್ತು. 1996ರಾಗ ಲಂಡನ್ನಿನಾಗ, 1997ರಾಗ ಆಸ್ಟ್ರೇಲಿಯಾದ ಸಿಡ್ನಿಯಾಗ. ಲಂಡನ್ನಿಂದ ಕಂಪನಿ 1999ರಾಗ ಕೈ ತಗೀತು, ಸಿಡ್ನಿದ್ದು 2000ದಾಗ ಮುಚ್ಚಿತು. ಯೊಕೊಹಾಮಾದ ಮೊದಲನೇ ಜಾಯ್‌ಪೊಲಿಸ್ಸೂ ಈಗಿಲ್ಲ. ಕಾರಣ ಬ್ಯಾರೆ ಬ್ಯಾರೆ ಇರತಾವ, ಬಾಡಿಗಿ, ಆಡಳಿತ ಎಲ್ಲಾ. ಆದ್ರ ಒಂದ ಕಾರಣ ನಮ್ಮಂಥಾ ಅಡಗೀಮನಿಯವರಿಗೂ ತಿಳೀತದ. ಪಾರ್ಕಿನಾಗ ಕೋಟಿಗಟ್ಲೆ ಹಾಕಿ ಇಟ್ಟ ಮಷೀನು ವರ್ಷಾ ವರ್ಷಾ ಹಳೇದಾಗ್ತದ, ಮನ್ಯಾಗಿನ ಡಬ್ಬಿ ವರ್ಷಾ ವರ್ಷಾ ಹೊಸಾದಾಗ್ತದ. ಮೊದಲ ಹೊರಗ ಹೋಗಿ ನೋಡಬೇಕಿದ್ದ ಚಿತ್ರ ಮುಂದ ಮನಿ ಟಿವ್ಯಾಗ, ಈಗ ಮೊಬೈಲಿನಾಗ ಬಂತು. ಬರೇ ಪರದೆ ತೋರಿಸಿ ಟಿಕೀಟ್ ಇಟ್ಟವರು ಯಾಕ ಉಳೀಬೇಕು? ಮನ್ಯಾಗ ಸಿಗದ್ದು ಏನು, ಮೈ ತೂಗಾಡೋದು, ಬೀಳತೇನೇನೋ ಅನ್ನೋ ಪುಕುಪುಕು, ಮಂದಿ ಜೋಡಿ ಒದರೋದು. ಅದನ್ನ ಕೊಟ್ಟವರ ಕಡೆ ಮಂದಿ ಇನ್ನೂ ಪಾಳಿ ಹಚ್ಚತಾರ. ನಮ್ಮ ಊರಾಗಿನ ಗೇಮ್ ಝೋನಿಗೆ ಹೋದಾಗ ಇದನ್ನ ಕೇಳ್ರಿ: ಇದು ಮನಿ ಸೋಫಾದ ಮ್ಯಾಲೆ ಕೂತು ಆಡೋ ಆಟಾನ ಆದ್ರ ಇಲ್ಲೆ ರೊಕ್ಕಾ ಯಾಕ ಕೊಡಬೇಕು?

ಇನ್ನ ಬಾಗಲದ ಮಾತಿಗೆ ಬರ್ತೇನಿ. ಅಪಶಕುನ ಅಂದ್ರೆಲ್ಲಾ, ಅದಕ್ಕ.

2024ರ ಮೇ 25, ಶನಿವಾರ. ಗುಜರಾತದ ರಾಜಕೋಟದಾಗ ಟಿಆರ್‌ಪಿ ಗೇಮ್ ಝೋನ್. ಸೂಟಿ ದಿನಾ, 99 ರೂಪಾಯಿ ಟಿಕೀಟಿನ ಆಫರ್ ಇತ್ತು, ಹಿಂಗಾಗಿ ಮಂದಿ ಕಿಕ್ಕಿರಿದಿತ್ತು. ಒಳಗ ವೆಲ್ಡಿಂಗ್ ಕೆಲಸಾ ನಡದಿತ್ತು. ಅದರ ಕಿಡಿ ಬಿತ್ತು. ಇಂಧನ ಕೂಡಿಸಿ ಇಟ್ಟಿದ್ರು, ಸುಡೋ ಸಾಮಾನ ಸುತ್ತಮುತ್ತ ಇತ್ತು. ತಗಡಿನ ಶೆಡ್ಡು ಕಣ್ಣ ಮುಚ್ಚಿ ತಗೀಯೋದರಾಗ ಹತ್ತಿಕೊಂತು. 27 ಮಂದಿ ಸತ್ರು, ಸಣ್ಣ ಮಕ್ಕಳೂ ಇದ್ರು. ಯಾರ್ಯಾರದ್ದು ಯಾವ ದೇಹ ಅಂತ ಗುರ್ತಿಸಲಿಕ್ಕೆ ಡಿಎನ್‌ಎ ಪರೀಕ್ಷಾ ಮಾಡಬೇಕಾತು. ಅಗ್ನಿಶಾಮಕದವರ ಅನುಮತಿ ಪತ್ರಾನ ಇರಲಿಲ್ಲ. ಗುಜರಾತದ ಹೈಕೋರ್ಟು ಮರುದಿನ, ಐತವಾರ, ತಾನಾಗೇ ಪ್ರಕರಣ ಕೈಗೆ ತಗೊಂಡು, ಇದು ಮೇಲ್ನೋಟಕ್ಕ ಮನಷ್ಯಾರ ಮಾಡಿದ ಅನಾಹುತ ಅಂತು.

ಅದಕ್ಕೂ ಹಿಂದಿಂದು ನೆನಪ ಮಾಡಿಕೋರಿ. 1997ರ ಜೂನ್ 13, ದಿಲ್ಲಿಯ ಉಪಹಾರ್ ಸಿನೆಮಾ ಥಿಯೇಟರ್. 59 ಮಂದಿ ಉಸಿರ ಕಟ್ಟಿ ಸತ್ರು. ಹೆಚ್ಚಿಗೆ ನಾಲ್ಕು ಟಿಕೀಟ್ ಮಾರಲಿಕ್ಕೆ ಅಂತ ಬಾಲ್ಕನ್ಯಾಗ ಹೊರಗ ಹೋಗೋ ದಾರಿಗೆ ಕುರ್ಚಿ ಹಾಕಿದ್ರು. ಮತ್ತೊಮ್ಮೆ ಓದ್ರಿ: ಕುರ್ಚಿ ಹಾಕಿದ್ರು. ನಾ ಹುಬ್ಬಳ್ಳ್ಯಾಗ ಸರಸ್ರಿ ಅಂದದ್ದೂ ಕುರ್ಚಿನ.

ಸೂರಿನ ಕೆಳಗಿನ ಈ ಜಾಗಾಗೋಳು ಬಯಲ ಜಾತ್ರಿ ಹಂಗ ಅಲ್ಲ. ಕಿಡಕಿ ಇರೂದಿಲ್ಲ, ಯಾಕಂದ್ರ ಹೊರಗಿನ ಬೆಳಕ ಬಂದ್ರ ಪರದೆ ಕಾಣೂದಿಲ್ಲ. ಕತ್ತಲಿ ಇರ್ತದ, ಬಣ್ಣದ ದೀಪಾ ಇರ್ತಾವ. ಗದ್ದಲ ಎಷ್ಟಂದ್ರ ಗಂಟಿ ಬಾರಿಸಿದ್ರೂ ಅದೂ ಒಂದ ಆಟದ ಸಪ್ಪಳ ಅನಿಸ್ತದ. ಫೋಮಿನ ಗಾದಿ, ಪ್ಲಾಸ್ಟಿಕ್ ಚೆಂಡು, ಬಟ್ಟಿ ಪರದೆ, ವಾಯರು. ಹುಡುಗ್ರು ತಾಯಿ ಮಗ್ಗಲದಾಗ ಇರೂದಿಲ್ಲ, ಒಂದೊಂದು ಮೂಲಿಗೆ ಚದರಿರ್ತಾರ. ಇವನ್ನೆಲ್ಲಾ ಕಟ್ಟೋದ ಹಂಗ, ಇಲ್ಲದಿದ್ರ ಆ ಮಜಾ ಬರೂದಿಲ್ಲ. ಅದಕ್ಕ ಇಂಥಾ ಜಾಗಾದಾಗ ಬಾಗಲಾ ಅನ್ನೋದು ಬ್ಯಾರೆ ಕಡಿಕಿಂತ ಹೆಚ್ಚು ಬೇಕು. ಟೋಕಿಯೋದಾಗೂ ಕತ್ತಲಿ ಇತ್ತು, ಗದ್ದಲ ಇತ್ತು. ಹಸಿರು ಮನಷ್ಯಾನ ಮುಂದ ಮಾತ್ರ ಒಂದ ಚೀಲಾನೂ ಇರಲಿಲ್ಲ.

"ಎಲ್ಲಾದಕ್ಕೂ ಹೆದರಿದ್ರ ಮನಿ ಬಿಟ್ಟ ಹೊರಗ ಬರಲಿಕ್ಕೆ ಆಗ್ತದೇನು" ಅಂತ ತಂಗಿ ಕೇಳಿದ್ಲು. ಆಕಿಗೆ ನನ್ನ ಉತ್ತರ ಇಷ್ಟ. ದಿನಾ ರಾತ್ರಿ ಮಲಗೂಕಿಂತ ಮೊದಲ ಗ್ಯಾಸಿನ ಕಾಕ್ ಬಂದ್ ಮಾಡತೇವಲ್ಲಾ, ಹೆದರಿ ಮಾಡತೇವೇನು? ಇಲ್ಲ, ನಿದ್ದಿ ಛಲೋ ಬರಲಿ ಅಂತ ಮಾಡತೇವಿ. ಬಾಗಲಾ ನೋಡೋದೂ ಹಂಗ. ನೋಡಿದ ಮ್ಯಾಲೆ ನಾನೂ ಅವತ್ತ ಮೊಮ್ಮಕ್ಕಳ ಜೋಡಿ ಚೆಂಡ ಒಗದ ಆಡಿದೆ, ನೀವೆಲ್ಲಾ ಫೋಟೋ ತಗದೀರಿ.

ಹಿಂಗಾಗಿ ಅಕ್ಕಗೋಳ, ವೈನಿಗೋಳ, ಮುಂದ ಯಾರದರ ಮನಿ ಹುಡುಗನ ಹುಟ್ಟುಹಬ್ಬಕ್ಕ ಇಂಥಾ ಜಾಗಾ ಹಿಡಿಯೋದಿದ್ರ ಬಿಡಬ್ಯಾಡ್ರಿ, ಹಿಡೀರಿ. ಆದ್ರ ಅಡ್ವಾನ್ಸ್ ಕೊಡೂಕಿಂತ ಮೊದಲ ಒಮ್ಮೆ ಹೋಗಿ ನೋಡ್ರಿ. ಕಲ್ಯಾಣ ಮಂಟಪ ಹಿಡಿಯೋ ಮುಂದ ನಳಾ, ಅಡಗಿಮನಿ, ಪಾಯಖಾನಿ ನೋಡತೇವಿಲ್ಲೋ ಹಂಗ. ಎರಡನೇ ಬಾಗಲಾ ಎಲ್ಲದ, ಅದು ಹೊರಗ ಹೋಗ್ತದೋ ಇಲ್ಲಾ ಸಾಮಾನ ಖೋಲಿಗೆ ಹೋಗ್ತದೋ, ಕೀಲಿ ಹಾಕ್ಯಾರೇನು ಅಂತ ಕೈಲೆ ದೂಡಿ ನೋಡ್ರಿ. ಅಗ್ನಿಶಾಮಕದ ಅನುಮತಿ ಪತ್ರ ತೋರಸ್ರಿ ಅಂತ ಕೇಳ್ರಿ. ಕೇಳಿದ್ರ ಸಣ್ಣವರಾಗೂದಿಲ್ಲ, ರೊಕ್ಕಾ ಕೊಡೋರು ನಾವು. ಹತ್ತು ಮಂದಿ ಹೆಣ್ಮಕ್ಕಳು ಕೇಳಿ "ಹಂಗಿದ್ರ ಬ್ಯಾಡ" ಅಂತ ವಾಪಸ್ ಬಂದ್ರ ಹನ್ನೊಂದನೇ ದಿನಾ ಕುರ್ಚಿ ತಾವ ಸರೀತಾವ. ಮತ್ತ ಚೀಟಿ ಮಷೀನು ಬ್ಯಾಡ, ಹುಡುಗ್ರು ಜಿಗಿಯೋ, ಹತ್ತೋ, ಕೂಡಿ ಆಡೋ ಆಟ ಅಷ್ಟ ಕೊಡ್ರಿ ಅಂತ ಮೊದಲೇ ಮಾತಾಡ್ರಿ. ಹುಡುಗನ ಕೈಯಾಗ ಕಾರ್ಡ್ ಕೊಡಬ್ಯಾಡ್ರಿ. ಮೂರು ಆಟ ಅಂದ್ರ ಮೂರು, ಬಟ್ಟ ಮಡಚಿ ಎಣಸಲಿ.

ಕಡೀ ಮಾತ. ನಾಲ್ಕು ದಿನದ ಹಿಂದ ತಂಗಿ ಸೊಸಿ ಫೋನ್ ಮಾಡಿದ್ಲು. ಅವತ್ತಿನ ಮ್ಯಾಲೆ ಆಕಿ ನನ್ನ ಜೋಡಿ ಸರಿಯಾಗಿ ಮಾತಾಡಿರಲಿಲ್ಲ. ತವರಮನಿ ಕಡೆ ಯಾರದೋ ಮದುವಿಗೆ ಗದಗಿಗೆ ಹೋಗಿದ್ಲಂತ, ಮಂಟಪದ ಊಟದ ಹಾಲು ನೆಲಮನ್ಯಾಗ ಇತ್ತಂತ. "ಮೌಶಿ, ಇಂವಾ ಎಲಿ ಮುಂದ ಕೂಡವಲ್ಲ. ಹಸಿರು ಮನಷ್ಯಾ ಎಲ್ಲಿದ್ದಾನ ತೋರಸು ಅಂತ ಹಟಾ ಹಿಡದ. ಹುಡುಕಿದ್ರ ಅಲ್ಲೆ ಅಂವಾ ಇಲ್ಲೇ ಇಲ್ಲ" ಅಂದ್ಲು. ಆಮ್ಯಾಲೆ ಸ್ವಲ್ಪ ಸುಮ್ಮನಿದ್ದು, "ನಾವು ಬಾಗಲದ ಹತ್ರದ ಪಂಕ್ತ್ಯಾಗ ಕೂತ್ವಿ" ಅಂದ್ಲು.

ನಾ ಏನೂ ಅನಲಿಲ್ಲ. ಹೋಳಗಿ ಹೆಂಗ ಆಗಿದ್ವು ಅಂತ ಕೇಳಿದೆ.